ಇಪ್ಪತ್ತು ಗುಂಟೆಗೆ ಯಾವುದು: ಸೇವಂತಿಗೆಯೋ, ಸುಗಂಧರಾಜವೋ?

ಗುಲಾಬಿಗೆ ಬಂಡವಾಳ ಹೆಚ್ಚು, ಚೆಂಡುಹೂವಿನ ದರವನ್ನು ನೆಚ್ಚುವ ಹಾಗಿಲ್ಲ ಎಂದು ಅವೆರಡನ್ನೂ ಪಕ್ಕಕ್ಕಿಟ್ಟ ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ರೈತರು ಬಹಳ ಸಲ ಬಂದು ನಿಲ್ಲುವುದು ಈ ಎರಡು ಹೂವಿನ ಮುಂದೆ. ಕೇಳಹೋದರೆ ನರ್ಸರಿಯವರು ಒಂದು ಹೇಳುತ್ತಾರೆ, ಮಂಡಿಯವರು ಇನ್ನೊಂದು, ಪಕ್ಕದ ಹೊಲದವರು ಹೋದ ವರ್ಷ ತಮಗೆ ಸಿಕ್ಕ ದರವನ್ನು ಹೇಳುತ್ತಾರೆ. ಆದರೆ ಕೆಜಿಗೆ ಎಷ್ಟು ಎಂಬ ಒಂದೇ ಲೆಕ್ಕದಿಂದ ಇದು ಬಗೆಹರಿಯುವುದಿಲ್ಲ. ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟು: ವರ್ಷವಿಡೀ ಬೆಳಗಿನ ಜಾವ ಹೊಲಕ್ಕಿಳಿಯುವವರು ಮನೆಯಲ್ಲಿ ಇದ್ದಾರೆಯೇ? ಅಥವಾ ಎರಡು ತಿಂಗಳ ಮಟ್ಟಿಗೆ, ಬೇಕೆಂದ ದಿನ ಏಳೆಂಟು ಆಳುಗಳನ್ನು ಕೂಡಿಸುವ ಶಕ್ತಿ ಇದೆಯೇ?

ಯಾಕೆಂದರೆ ಅರ್ಧ ಎಕರೆಯಿಂದ ಬರುವ ಒಟ್ಟು ತೂಕದಲ್ಲಿ ಎರಡಕ್ಕೂ ಅಂಥ ದೊಡ್ಡ ಅಂತರವಿಲ್ಲ. ಚೆನ್ನಾಗಿ ನೋಡಿಕೊಂಡ ಸೇವಂತಿಗೆ ಇಪ್ಪತ್ತು ಗುಂಟೆಗೆ ಎರಡರಿಂದ ಮೂರು ಟನ್ ಕೊಡುತ್ತದೆ. ಸುಗಂಧರಾಜ ವರ್ಷಕ್ಕೆ ಹೆಚ್ಚುಕಡಿಮೆ ಮೂರು ಟನ್, ಒಳ್ಳೆಯ ತಳಿಯಾದರೆ ಇನ್ನೂ ಸ್ವಲ್ಪ ಮೇಲೆ. ವ್ಯತ್ಯಾಸ ಇರುವುದು ಆ ತೂಕ ಬರುವ ರೀತಿಯಲ್ಲಿ. ಸೇವಂತಿಗೆ ಅಷ್ಟನ್ನೂ ಆರೆಂಟು ವಾರದಲ್ಲಿ ಸುರಿದುಬಿಡುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಬಿಡಿಸಿದರೆ ಭರ ಬಂದಾಗ ಒಂದು ಸಲಕ್ಕೆ 200ರಿಂದ 300 ಕೆಜಿ. ಸುಗಂಧರಾಜದ ಸರಾಸರಿ ದಿನಕ್ಕೆ ಎಂಟು ಹತ್ತು ಕೆಜಿ. ಆದರೆ ಯುಗಾದಿಯ ದಿನವೂ ಬರುತ್ತದೆ, ಮನೆಯಲ್ಲಿ ಮದುವೆ ಇರುವ ದಿನವೂ ಬರುತ್ತದೆ, ಮೈಗೆ ಹುಷಾರಿಲ್ಲದ ದಿನವೂ ಬರುತ್ತದೆ. ಇದನ್ನು ತಲೆಯಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಎರಡೂ ಬೇರೆ ಬೇರೆ ಕುಲ

ಸೇವಂತಿಗೆ ಸೂರ್ಯಕಾಂತಿ, ಚೆಂಡುಹೂವಿನ ಬಳಗದ್ದು, ಮೂಲ ಚೀನಾ ಕಡೆ. ಸುಗಂಧರಾಜ ಮೆಕ್ಸಿಕೋದಿಂದ ಬಂದ ಗೆಡ್ಡೆ ಗಿಡ, ನಮ್ಮ ಬೇಲಿಯ ಕತ್ತಾಳೆಯ ಹತ್ತಿರದ ನೆಂಟ; ಸಸ್ಯಶಾಸ್ತ್ರಜ್ಞರು ಈಚೆಗೆ ಅದನ್ನು ಕತ್ತಾಳೆಯ ಕುಲಕ್ಕೇ ಸೇರಿಸಿದ್ದಾರೆ. ರೈತನಿಗೆ ಇದರಿಂದ ಆಗುವ ಉಪಯೋಗ ಒಂದೇ, ಆದರೆ ದೊಡ್ಡದು: ಒಂದರ ಎಲೆಚುಕ್ಕೆ, ತುಕ್ಕು ರೋಗ ಇನ್ನೊಂದಕ್ಕೆ ದಾಟುವುದಿಲ್ಲ. ಮೂರು ವರ್ಷದ ಸುಗಂಧರಾಜ ತೆಗೆದ ನೆಲದಲ್ಲಿ ಸೇವಂತಿಗೆ ಇಡಬಹುದು, ಸೇವಂತಿಗೆ ಸೊರಗಿ ಸೋತ ನೆಲಕ್ಕೆ ಸುಗಂಧರಾಜ ತರಬಹುದು.

ಸೇವಂತಿಗೆ: ದಿನ ಎಣಿಸಿ ಇಡುವ ಬೆಳೆ

ಸೇವಂತಿಗೆ ಹೂ ಬಿಡುವುದು ರಾತ್ರಿಯ ಉದ್ದವನ್ನು ಅಳೆದು. ಕತ್ತಲು ಒಂದೇ ಸಮನೆ ಸಾಕಷ್ಟು ಹೊತ್ತು ಸಿಕ್ಕಿತೆಂದರೆ ಗಿಡ ಬೆಳೆಯುವುದನ್ನು ಬಿಟ್ಟು ಮೊಗ್ಗಿಗೆ ತಿರುಗುತ್ತದೆ. ಹಗಲು ಹದಿಮೂರೂವರೆ ಗಂಟೆ ದಾಟುವ ಊರುಗಳಲ್ಲಿ ಬೇಸಿಗೆಯಲ್ಲಿ ಅದು ತಾನಾಗಿ ಬೆಳೆಯುತ್ತಲೇ ಇರುತ್ತದೆ. ನಮ್ಮ ಕಡೆ ಜೂನ್ ತಿಂಗಳ ಅತಿ ಉದ್ದದ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಡಿಸೆಂಬರಿನಲ್ಲಂತೂ 11 ಗಂಟೆ 20 ನಿಮಿಷದ ಆಸುಪಾಸು. ಹಾಗಾಗಿ ಅಕ್ಟೋಬರ್ ದಾಟಿದ ಮೇಲೆ ಇಟ್ಟ ನಾರು, ಅಂದರೆ ಸಸಿ, ಗೇಣುದ್ದ ಇರುವಾಗಲೇ ಮೊಗ್ಗು ಕಟ್ಟಿ ಕೂತುಬಿಡುತ್ತದೆ. ಗಿಡಕ್ಕೆ ನಾಲ್ಕಾರು ಹೂ, ಅಷ್ಟಕ್ಕೇ ಮುಗಿಯಿತು. ರಾತ್ರಿ ಹೊತ್ತು ಚಿಕ್ಕಬಳ್ಳಾಪುರದ ಸುತ್ತಮುತ್ತ ಸೇವಂತಿಗೆ ಹೊಲದಲ್ಲಿ ಸಾಲುಸಾಲು ಬಲ್ಬು ಉರಿಯುವುದು ಈ ಕಾರಣಕ್ಕೆ: ಕತ್ತಲನ್ನು ನಡುವೆ ಮುರಿದು ಗಿಡ ಇನ್ನಷ್ಟು ಬೆಳೆಯಲಿ ಎಂದು.

ದೀಪ ಬೇಕಿಲ್ಲದ ಕಾಲ ಎಂದರೆ ಮೇ ಕೊನೆಯಿಂದ ಜುಲೈ ಮೊದಲ ವಾರದೊಳಗಿನ ನಾಟಿ. ನಾಟಿಯಾಗಿ 100ರಿಂದ 120 ದಿನಕ್ಕೆ, ತಳಿಗೆ ತಕ್ಕಂತೆ, ಮೊದಲ ಕೊಯ್ಲು. ಜೂನ್ ನಡುವೆ ಇಟ್ಟರೆ ದಸರಾ, ದೀಪಾವಳಿ ಎರಡಕ್ಕೂ ಹೂ ಸಿಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಹಬ್ಬ ಚಾಂದ್ರಮಾನದ್ದು, ಗಿಡ ಸೂರ್ಯನದ್ದು. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2. 2026ರಲ್ಲಿ ಅಧಿಕ ಜ್ಯೇಷ್ಠದ ದೆಸೆಯಿಂದ ಅದು ಅಕ್ಟೋಬರ್ 20. ಹೋದ ವರ್ಷದ ನಾಟಿ ದಿನವನ್ನೇ ಹಿಡಿದು ಇಟ್ಟವರ ಮೊದಲ ಮೂರು ನಾಲ್ಕು ಕೊಯ್ಲು ಪಿತೃಪಕ್ಷದಲ್ಲಿ ಹೋಗಿಬಿಡುತ್ತದೆ, ಆಗ ಕೇಳುವವರಿರುವುದಿಲ್ಲ. ನಾರಿಗೆ ಮುಂಗಡ ಕೊಡುವ ಮುನ್ನ ಪಂಚಾಂಗ ತೆಗೆದು ಆಯುಧಪೂಜೆಯಿಂದ ಹಿಂದಕ್ಕೆ ಎಣಿಸಿ. ನಾಟಿಯ ದಿನ, ಅದಕ್ಕೂ ಇಪ್ಪತ್ತೈದು ದಿನ ಮುಂಚೆ ನಾರಿಗಾಗಿ ಮುರಿದ ಕಡ್ಡಿ ಬೇರು ಬಿಡಲು ಟ್ರೇಗೆ ಇಳಿಯಬೇಕಾದ ದಿನ, ಎರಡನ್ನೂ ಬರೆದಿಟ್ಟುಕೊಳ್ಳಿ.

ನಾರು ಆರಿಸುವಾಗ ಅರ್ಧ ಬೆಳೆ ನಿರ್ಧಾರವಾಗಿಬಿಡುತ್ತದೆ. ಹೂ ಮುಗಿದ ಗಿಡದ ಬುಡದಿಂದ ಎದ್ದ ಮರಿಗಳನ್ನು ಕಿತ್ತು ನೆಡುವ ಪದ್ಧತಿ ಅಗ್ಗವೇನೋ ಸರಿ, ಆದರೆ ಹಳೆಯ ಹೊಲದ ಸೊರಗು ರೋಗ, ಬೇರುಕೊಳೆ ಆ ಬೇರಿನ ಜೊತೆಯೇ ಬರುತ್ತದೆ. ಆ ಮರಿಗಳನ್ನು ಬೆಳೆಯಬಿಟ್ಟು, ಅವುಗಳ ತುದಿಯಿಂದ ಎರಡರಿಂದ ಮೂರು ಇಂಚಿನ ಕಡ್ಡಿ ಮುರಿದು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ, ಗುಳಿಗುಳಿಯಿರುವ ಪ್ರೋಟ್ರೇಯಲ್ಲಿ ಬೇರು ಬರಿಸಿದ ನಾರು ಎಷ್ಟೋ ಮೇಲು. ಟ್ರೇಯಿಂದ ಒಂದು ನಾರು ಎಳೆದು ನೋಡಿ. ಬೇರು ಬಿಳಿಯಾಗಿ ಕೋಕೋಪೀಟನ್ನು ಬಿಗಿಹಿಡಿದು ಮುದ್ದೆಯಾಗಿ ಬಂದರೆ ತೆಗೆದುಕೊಳ್ಳಿ. ತುದಿಯಲ್ಲಿ ಗುಂಡುಸೂಜಿ ತಲೆಯಷ್ಟು ಮೊಗ್ಗು ಕಂಡರೆ, ಅಗ್ಗಕ್ಕೆ ಕೊಟ್ಟರೂ ಬೇಡ. ನರ್ಸರಿಯಲ್ಲಿ ದೀಪವಿಲ್ಲದೆ ಬೆಳೆದ ನಾರು ಅದು, ಹೊಲಕ್ಕೆ ಬಂದ ಮೇಲೆ ಎತ್ತರ ಏಳುವುದಿಲ್ಲ.

ತಳಿಯ ವಿಚಾರಕ್ಕೆ ಹೆಚ್ಚು ಮಾತು ಬೇಡ. ಬಿಳಿಗೆ, ಹಳದಿಗೆ ಪೂರ್ಣಿಮಾ, ಐಶ್ವರ್ಯಾ, ಸೆಂಟ್ ಎಲ್ಲೋ, ಮೇರಿಗೋಲ್ಡ್ ಎಂಬ ಹೆಸರುಗಳು ಇಲ್ಲಿನ ನರ್ಸರಿ, ಮಂಡಿಗಳಲ್ಲಿ ಓಡಾಡುತ್ತವೆ. ಒಂದೇ ಹೆಸರಿನಲ್ಲಿ ಎರಡು ನರ್ಸರಿಯವರು ಎರಡು ಬಗೆ ಕೊಡುವುದೂ ಉಂಟು. ನಿಮ್ಮ ಹೂ ಹೋಗುವುದು ಯಾವ ಮಂಡಿಗೋ ಅಲ್ಲಿ ಯಾವ ಬಣ್ಣಕ್ಕೆ ಕೈ ಹಾಕುತ್ತಾರೆ ಎಂದು ಮೊದಲು ವಿಚಾರಿಸಿ, ಆ ಹೂವನ್ನೇ ತೋರಿಸಿ ನಾರು ಕೇಳಿ.

ನಾಟಿಯ ಅಳತೆ: ನಾಲ್ಕು ಅಡಿಗೊಂದು ಏರುಮಡಿ, ನಡುವೆ ಒಂದು ಡ್ರಿಪ್ ಪೈಪು, ಅದರ ಎರಡು ಪಕ್ಕಕ್ಕೂ ಒಂದೊಂದು ಸಾಲು, ಗಿಡದಿಂದ ಗಿಡಕ್ಕೆ ಒಂದು ಅಡಿ. ಇಪ್ಪತ್ತು ಗುಂಟೆಗೆ ಸುಮಾರು 11,000 ನಾರು, ಪೈಪು 1,660 ಮೀಟರ್ ಬೇಕಾಗುತ್ತದೆ. ಸತ್ತ ಕಡೆ ಮತ್ತೆ ಇಡಲು ಐನೂರು ನಾರು ಹೆಚ್ಚಿಗೆ ತನ್ನಿ, ವಾರದೊಳಗೆ ತುಂಬಿಬಿಡಿ. ಆಮೇಲೆ ಇಟ್ಟದ್ದು ಹಿಂದೆ ಬೀಳುತ್ತದೆ. ಎರಡು ಟ್ರ್ಯಾಕ್ಟರ್ ಲೋಡು ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಮಡಿಗೆ ಸೇರಿಸಿ. ಎಕರೆಗೆ ಸಾರಜನಕ, ರಂಜಕ, ಪೊಟ್ಯಾಷ್ ಪೋಷಕಾಂಶ 40:60:40 ಕೆಜಿ ಎಂಬ ಲೆಕ್ಕದಲ್ಲಿ ಅರ್ಧ ಎಕರೆಗೆ ಯೂರಿಯಾ ಒಂದು ಚೀಲಕ್ಕೆ ತುಸು ಕಡಿಮೆ, ಸೂಪರ್ ಫಾಸ್ಫೇಟ್ 190 ಕೆಜಿ, ಪೊಟ್ಯಾಷ್ 33 ಕೆಜಿ. ಸೂಪರ್, ಪೊಟ್ಯಾಷ್ ಪೂರ್ತಿಯಾಗಿ, ಯೂರಿಯಾ ಅರ್ಧ ನಾಟಿಗೆ. ಉಳಿದ ಯೂರಿಯಾ ತುದಿ ಚಿವುಟಿದ ಮೇಲೆ. ಮೊಗ್ಗು ಕಂಡ ಮೇಲೆ ಯೂರಿಯಾ ಕೊಡಬೇಡಿ. ಎಲೆ ಕಪ್ಪು ಹಸಿರಾಗಿ ನೋಡಲು ಚೆನ್ನಾಗಿರುತ್ತದೆ, ಹೂ ಮೆತ್ತಗಾಗಿ ಚೀಲದಲ್ಲೇ ಕೊಳೆಯುತ್ತದೆ, ಸಸ್ಯಹೇನೂ ಹತ್ತುತ್ತದೆ.

ತುದಿ ಚಿವುಟುವ ಕೆಲಸಕ್ಕೆ ಕೂಲಿ ಖರ್ಚೆಂದು ಕೈಬಿಡುವವರಿದ್ದಾರೆ. ಹಾಗೆ ಮಾಡಬಾರದು. ನಾಟಿಯಾಗಿ ನಾಲ್ಕು ವಾರಕ್ಕೆ ಮೇಲಿನ ಒಂದೂವರೆ ಇಂಚು ಚಿವುಟಿದರೆ ಪಕ್ಕದಿಂದ ಐದಾರು ಕವಲು ಹೊರಡುತ್ತವೆ. ಪ್ರತಿ ಕವಲೂ ಹೂವಿನ ಗೊಂಚಲಾಗುತ್ತದೆ. ಬೆರಳಲ್ಲಿ ಮುರಿದರೆ ಟಪ್ಪೆಂದು ಮುರಿಯುವಷ್ಟು ಎಳಸಾಗಿರಬೇಕು. ನಾರುನಾರಾಗಿ ಜಗ್ಗಿದರೆ ತಡವಾಯಿತೆಂದೇ ಅರ್ಥ. ಗಿಡ ಬಲವಾಗಿದ್ದರೆ ಮೂರು ವಾರ ಬಿಟ್ಟು ಇನ್ನೊಮ್ಮೆ ಚಿವುಟಬಹುದು, ಆದರೆ ಅಷ್ಟೇ ದಿನ ಹೂ ಹಿಂದಕ್ಕೆ ಹೋಗುತ್ತದೆ ಎಂಬುದನ್ನು ಹಬ್ಬದ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ದೀಪದ ಲೆಕ್ಕ

ಹಬ್ಬದ ಕಾಲ ಬಿಟ್ಟು ಫೆಬ್ರವರಿಯಲ್ಲೋ ಏಪ್ರಿಲ್‌ನಲ್ಲೋ ಹೂ ಬೇಕೆಂದರೆ ದೀಪ ಹಾಕಲೇಬೇಕು. ಹತ್ತು ಅಡಿಗೊಂದರಂತೆ ಚೌಕಕ್ಕೆ ಚೌಕ ಹಾಕಿದರೆ ಅರ್ಧ ಎಕರೆಗೆ ಸುಮಾರು 220 ಬಲ್ಬು. 9 ವ್ಯಾಟ್ ಎಲ್‌ಇಡಿ ಆದರೆ ಎಲ್ಲ ಸೇರಿ ಎರಡು ಕಿಲೋವ್ಯಾಟ್; ರಾತ್ರಿಗೆ ನಾಲ್ಕು ಗಂಟೆ ಉರಿದರೆ ಎಂಟು ಯೂನಿಟ್, ತಿಂಗಳಿಗೆ 240 ಯೂನಿಟ್. ಬಿಳಿ ಬೆಳಕಿನ ಬಲ್ಬಿಗಿಂತ ಹಳದಿ ಬೆಳಕಿನದು ಒಳ್ಳೆಯದು, ಯಾಕೆಂದರೆ ಗಿಡ ಲೆಕ್ಕಕ್ಕೆ ಹಿಡಿಯುವುದು ಕೆಂಪು ಬೆಳಕಿನ ಅಂಶವನ್ನು. ಸಂಜೆ ಆರರಿಂದ ಹತ್ತರವರೆಗೆ ಉರಿಸುವುದಕ್ಕಿಂತ ರಾತ್ರಿ ಹತ್ತರಿಂದ ಎರಡರವರೆಗೆ ಉರಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಬೇಕಾದ್ದು ಹಗಲನ್ನು ಉದ್ದ ಮಾಡುವುದಕ್ಕಿಂತ ಕತ್ತಲನ್ನು ನಡುವೆ ತುಂಡರಿಸುವುದು.

ಪಂಪ್‌ಸೆಟ್ಟಿನ ಲೈನಿಗೆ ಕರೆಂಟು ಯಾವ ಹೊತ್ತಿಗೆ ಬರುತ್ತದೆಂಬುದು ನಿಮ್ಮ ಕೈಲಿಲ್ಲ. ದೀಪಕ್ಕೆ ನೆಚ್ಚಿಕೊಳ್ಳಬಹುದಾದ ಸಿಂಗಲ್ ಫೇಸ್ ಬೇಕು. ಇದಕ್ಕಾಗಿ ಬೆಸ್ಕಾಂ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ನಾರು ತಂದ ಮೇಲಲ್ಲ. ವಾರದಲ್ಲಿ ಮೂರು ನಾಲ್ಕು ರಾತ್ರಿ ದೀಪ ಕೈಕೊಟ್ಟರೆ ಸಾಕು, ಮೊಗ್ಗು ಅಕಾಲಕ್ಕೆ ಬರುತ್ತದೆ. ಹೊಲದ ಅಂಚು, ಮೂಲೆಗಳಲ್ಲಿ ಮೊದಲು ಮೊಗ್ಗು ಕಂಡರೆ ಅಲ್ಲಿಗೆ ಬೆಳಕು ಸಾಲುತ್ತಿಲ್ಲ ಎಂದು ತಿಳಿದು ಕೊನೆಯ ಸಾಲಿನಾಚೆಗೂ ಒಂದು ಬಲ್ಬು ಹಾಕಿ. ಒದ್ದೆ ನೆಲದಲ್ಲಿ ಇಷ್ಟುದ್ದ ವೈರು ಎಳೆಯುವಾಗ ಸೋರಿಕೆಗೆ ತಾನಾಗಿ ಬೀಳುವ ಬ್ರೇಕರ್ ಇಲ್ಲದೆ ಸ್ವಿಚ್ ಹಾಕಬಾರದು, ಜಾಯಿಂಟಿಗೆ ಬರೀ ಟೇಪು ಸುತ್ತಿ ಬಿಡಬಾರದು. ಗಿಡ ಮೊಣಕಾಲುದ್ದ ಬಂದ ಮೇಲೆ ದೀಪ ನಿಲ್ಲಿಸಿ. ಅಲ್ಲಿಂದ ಎಂಟರಿಂದ ಹತ್ತು ವಾರಕ್ಕೆ ಕೊಯ್ಲು. ಬಿಸಿಲು ಜೋರಾದ ತಿಂಗಳಲ್ಲಿ ಇನ್ನೂ ಒಂದು ವಾರ ಹಿಂದೆ ಬೀಳಬಹುದು.

ಸುಗಂಧರಾಜ: ಗೆಡ್ಡೆ ಇಟ್ಟ ಮೇಲೆ ಮೂರು ವರ್ಷ

ಇದಕ್ಕೆ ಹಗಲು ರಾತ್ರಿಯ ಇಷ್ಟು ಲೆಕ್ಕವಿಲ್ಲ. ನೆಟ್ಟು ಮೂರೂವರೆ ತಿಂಗಳಿಗೆ ಮೊದಲ ದಂಟು ಏಳುತ್ತದೆ, ಆಮೇಲೆ ಚಳಿ ಜೋರಾದ ಡಿಸೆಂಬರ್, ಜನವರಿಯಲ್ಲಿ ಕಡಿಮೆಯಾಗುವುದು ಬಿಟ್ಟರೆ ಹೂ ಇದ್ದೇ ಇರುತ್ತದೆ. ಬಿಡಿ ಹೂವಿಗೆ ಎಸಳು ಒಂಟಿ ಸುತ್ತಿನದೇ ಬೇಕು. ಹಾರಕ್ಕೂ, ಸುಗಂಧದ್ರವ್ಯ ತೆಗೆಯುವುದಕ್ಕೂ ಅದೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶೃಂಗಾರ್, ಪ್ರಜ್ವಲ್, ಅರ್ಕಾ ನಿರಂತರ ಈ ಬಗೆಯವು. ಸುವಾಸಿನಿ, ವೈಭವ್ ಸುತ್ತು ಹೆಚ್ಚಿರುವವು, ಹೂದಾನಿಗೆ ಕಡ್ಡಿ ಸಮೇತ ಮಾರುವುದಕ್ಕೆ. ಕಡ್ಡಿ ಹೂವಿಗೆ ಕೊಳ್ಳುವವರನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಅರ್ಧ ಎಕರೆ ವೈಭವ್ ಇಡುವುದು ಬೇಡ.

ಪ್ರಜ್ವಲ್‌ನ ಮೊಗ್ಗು ದಪ್ಪ, ತೂಕ ಚೆನ್ನಾಗಿ ಬರುತ್ತದೆ. ಹಾಗಿದ್ದೂ ನಮ್ಮ ಕಡೆ ಮೊದಲು ನೋಡಬೇಕಾದ್ದು ಶೃಂಗಾರ್ ಎಂದೇ ನಮ್ಮ ಅಭಿಪ್ರಾಯ. ಕಾರಣ ಟೊಮೆಟೊ. ಕೋಲಾರ, ಚಿಂತಾಮಣಿ, ಶ್ರೀನಿವಾಸಪುರದ ಹೊಲಗಳಲ್ಲಿ ವರ್ಷಗಟ್ಟಲೆ ಟೊಮೆಟೊ, ಬದನೆ ಬೆಳೆದು ಬೇರುಗಂಟು ಹುಳು, ಅಂದರೆ ನೆಮಟೋಡ್, ಮಣ್ಣಿನಲ್ಲಿ ತುಂಬಿಕೊಂಡಿರುತ್ತದೆ. ಸುಗಂಧರಾಜಕ್ಕೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ. ಎಲೆ ತುದಿಯಿಂದ ಹಳದಿಯಾಗುತ್ತದೆ, ದಂಟು ಗಿಡ್ಡವಾಗುತ್ತದೆ, ನೀರು ಗೊಬ್ಬರ ಎಷ್ಟು ಕೊಟ್ಟರೂ ಏಳುವುದಿಲ್ಲ. ಶೃಂಗಾರ್ ಈ ಹುಳುವನ್ನು ತಾಳಿಕೊಳ್ಳುವ ತಳಿ.

ನೆಲದಲ್ಲಿ ಹುಳು ಇದೆಯೇ ಎಂದು ನೋಡುವುದು ಸುಲಭ. ಹಳೆಯ ಟೊಮೆಟೊ ಗಿಡವೊಂದನ್ನು ಸಲಿಕೆಯಿಂದ ಸುತ್ತ ಅಗೆದು ಬೇರು ಹರಿಯದಂತೆ ಎತ್ತಿ, ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ತೊಳೆಯಿರಿ. ಬೇರಿನ ಉದ್ದಕ್ಕೂ ಬೇರೇ ಊದಿಕೊಂಡಂತೆ ಗಂಟುಗಳಿದ್ದು, ಉಗುರಿನಿಂದ ಕೆರೆದರೂ ಉದುರದೆ ಇದ್ದರೆ ಅದೇ. ಹುರುಳಿ, ಅವರೆಯ ಬೇರಿನ ಗಂಟು ಬೇರೆ. ಅದು ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಒರೆಸಿದರೆ ಉದುರುತ್ತದೆ, ಅದು ಒಳ್ಳೆಯದು. ಹೊಲ ಖಾಲಿ ಇದ್ದರೆ ನಾಲ್ಕೈದು ಕಡೆಯ ಮಣ್ಣು ಕುಂಡಕ್ಕೆ ತುಂಬಿ ಟೊಮೆಟೊ ಸಸಿ ಇಟ್ಟು, ನಲವತ್ತು ದಿನಕ್ಕೆ ಕಿತ್ತು ಬೇರು ನೋಡಿ. ಗಂಟು ಕಂಡರೆ ಸುಗಂಧರಾಜ ಇಡುವ ಮುನ್ನ ಒಂದು ಬೆಳೆ ಚೆಂಡುಹೂ ಹಾಕಿ. ಅದರ ಬೇರಿನಿಂದ ಹೊರಡುವ ಅಂಶ ಈ ಹುಳುವನ್ನು ಕಡಿಮೆ ಮಾಡುತ್ತದೆ. ನಾಟಿಗೆ ಎರಡು ವಾರ ಮುಂಚೆ ಇಪ್ಪತ್ತು ಗುಂಟೆಗೆ 200 ಕೆಜಿ ಬೇವಿನ ಹಿಂಡಿ ಮಡಿಗೆ ಸೇರಿಸಿ.

ಗೆಡ್ಡೆ ಒಂದು ಇಂಚು, ಒಂದೂಕಾಲು ಇಂಚು ದಪ್ಪ ಇರಬೇಕು. ತೂಕ 25ರಿಂದ 30 ಗ್ರಾಂ. ಅದಕ್ಕಿಂತ ಸಣ್ಣದು ಎಲೆ ಬಿಡುತ್ತದೆ, ದಂಟು ತಡವಾಗುತ್ತದೆ. ಒಂದೂವರೆ ಅಡಿ ಸಾಲು, ಸಾಲಿನಲ್ಲಿ ಎಂಟು ಇಂಚಿಗೊಂದರಂತೆ, ಓಡಾಡುವ ದಾರಿ ಕಳೆದು ಅರ್ಧ ಎಕರೆಗೆ 20,000 ಗೆಡ್ಡೆ. 30 ಗ್ರಾಮಿನದಾದರೆ 600 ಕೆಜಿ ಆಯಿತು. ಈ ಬೆಳೆಯ ಮೊದಲ ದೊಡ್ಡ ಖರ್ಚು ಇದೇ. ಕೆಜಿ ಲೆಕ್ಕದಲ್ಲಿ ಕೊಳ್ಳುವಾಗ ಚೀಲದ ಬಾಯಿಯ ಗೆಡ್ಡೆ ನೋಡಿ ಮೋಸ ಹೋಗಬೇಡಿ. ಒಂದು ಚೀಲ ಸುರಿಸಿ, ಬೆರಳಿಗಿಂತ ಸಣ್ಣವು ಎಷ್ಟಿವೆ ಎಂದು ಬೇರ್ಪಡಿಸಿ ನೋಡಿ. ಕೊಡುವವರ ಹೊಲಕ್ಕೇ ಹೋಗಿ ಒಂದು ಬುಡ ಕಿತ್ತು ಬೇರು ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಗಂಟುಬೇರಿನ ಹೊಲದ ಗೆಡ್ಡೆ ಪುಕ್ಕಟೆ ಕೊಟ್ಟರೂ ಬೇಡ.

ಕಿತ್ತ ಗೆಡ್ಡೆಯನ್ನು ಅಂದೇ ನೆಟ್ಟರೆ ಅಲ್ಲೊಂದು ಇಲ್ಲೊಂದು ಮೊಳೆಯುತ್ತದೆ. ನೆರಳಿನಲ್ಲಿ ತೆಳ್ಳಗೆ ಹರಡಿ ನಾಲ್ಕರಿಂದ ಆರು ವಾರ ಬಿಡಬೇಕು, ನಡುನಡುವೆ ತಿರುವಿ ಹಾಕಬೇಕು. ನೆಡುವ ಮುನ್ನ ಲೀಟರಿಗೆ 2 ಗ್ರಾಂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಕಲಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ ನೆರಳಲ್ಲಿ ಆರಿಸಿ. ಮೊಳಕೆಯ ಮೂತಿ ಮೇಲಕ್ಕೆ ಬರುವ ಹಾಗೆ, ಅದರ ಮೇಲೆ ಒಂದೂವರೆ ಇಂಚು ಮಣ್ಣು ಬರುವಷ್ಟು ಆಳ ಸಾಕು. ಆಳ ಹೆಚ್ಚಾದರೆ ಮೊಳಕೆ ತಡ, ಮಳೆಗಾಲದಲ್ಲಿ ಕೊಳೆಯುವುದೂ ಉಂಟು.

ಗೊಬ್ಬರ ಸೇವಂತಿಗೆಗಿಂತ ಹೆಚ್ಚು ಕೇಳುತ್ತದೆ, ವರ್ಷಕ್ಕೆ ಅರ್ಧ ಎಕರೆಗೆ ಯೂರಿಯಾ ಎರಡು ಚೀಲ, ಸೂಪರ್ 250 ಕೆಜಿ, ಪೊಟ್ಯಾಷ್ 67 ಕೆಜಿ. ಯೂರಿಯಾವನ್ನು ಮೂರು ಕಂತು ಮಾಡಿ. ಎರಡನೇ, ಮೂರನೇ ವರ್ಷವೂ ಇಷ್ಟೇ ಕೊಡಬೇಕು. ಹಳೇ ಬೆಳೆ ತಾನೇ ಎಂದು ಕೈ ಬಿಗಿ ಹಿಡಿದಲ್ಲಿ ದಂಟಿಗೆ ನಲವತ್ತು ಬರುವ ಮೊಗ್ಗು ಇಪ್ಪತ್ತಕ್ಕೆ ಇಳಿಯುತ್ತದೆ. ಒಂದು ಗೆಡ್ಡೆ ಒಂದೇ ಸಲ ದಂಟು ಕೊಡುವುದು. ಮುಂದಿನ ಹೂವೆಲ್ಲ ಅದರ ಮರಿಗಳಿಂದ. ಆದ್ದರಿಂದ ಹೂ ಮುಗಿದ ದಂಟನ್ನು ಬುಡದವರೆಗೂ ಕತ್ತರಿಸಿ, ಮಣ್ಣು ಏರಿಸಿ, ಮರಿಗಳಿಗೆ ಜಾಗ ಮಾಡಿಕೊಡಬೇಕು. ಮೂರನೇ ವರ್ಷದ ಕೊನೆಗೆ ಬುಡ ಕಿಕ್ಕಿರಿದು ಹೂ ಸಣ್ಣದಾಗುತ್ತದೆ. ಆಗ ಕಿತ್ತರೆ ಗೆಡ್ಡೆ ನಿಮ್ಮ ಮುಂದಿನ ನಾಟಿಗೂ ಆಗಿ ಮಾರುವುದಕ್ಕೂ ಉಳಿಯುತ್ತದೆ. ಸೇವಂತಿಗೆಯಲ್ಲಿ ಈ ಹಿಂದಿರುಗುವ ಬಂಡವಾಳ ಇಲ್ಲ. ಕೊಯ್ಲಾದ ಮೇಲೆ ಸವರಿ ಬಿಟ್ಟರೆ ಎರಡನೇ ಹೂ ಬಂದರೂ ಮೊದಲಿನ ಅರ್ಧದಷ್ಟು ಬಂದರೆ ಹೆಚ್ಚು.

ಬೆಳಗಿನ ಜಾವದ ಕೆಲಸ

ಸುಗಂಧರಾಜವನ್ನು ಬಿಟ್ಟವರು ಬಿಟ್ಟದ್ದು ರೋಗದಿಂದಲ್ಲ, ಕೊಯ್ಲಿನಿಂದ. ಮೊಗ್ಗು ಪೂರ್ತಿ ಬಲಿತು, ಹಸಿರು ಹೋಗಿ ಬೆಳ್ಳಗಾಗಿ, ಇನ್ನೂ ಬಾಯಿ ಬಿಡದೆ ಇರುವಾಗ ಬಿಡಿಸಬೇಕು. ಐದು ಗಂಟೆಗೆ ಶುರು, ಬಿಸಿಲು ಏರುವ ಮುನ್ನ ಮುಗಿಯಬೇಕು. ಒಂದು ಮೊಗ್ಗು ಹೆಚ್ಚುಕಡಿಮೆ ಒಂದು ಗ್ರಾಂ. ಹತ್ತು ಕೆಜಿ ಎಂದರೆ ಹತ್ತು ಸಾವಿರ ಸಲ ಬೆರಳು ಆಡಬೇಕು. ಇವತ್ತು ಬಿಟ್ಟ ಮೊಗ್ಗು ಸಂಜೆಗೆ ಅರಳುತ್ತದೆ, ನಾಳೆ ಅದಕ್ಕೆ ಬೆಲೆಯಿಲ್ಲ. ಕತ್ತಲಲ್ಲಿ ಒತ್ತೊತ್ತಾದ ಎಲೆಗಳ ನಡುವೆ ಕೈ ಹಾಕುವ ಕೆಲಸವಾದ್ದರಿಂದ ತಲೆಗೆ ಕಟ್ಟುವ ಟಾರ್ಚ್, ಕಾಲಿಗೆ ಗಮ್‌ಬೂಟ್ ಇಲ್ಲದೆ ಹೆಂಗಸರನ್ನಾಗಲೀ ಮಕ್ಕಳನ್ನಾಗಲೀ ಇಳಿಸಬಾರದು. ಹಾವಿನ ಭಯ ನಿಜವಾದದ್ದು.

ಬಿಡಿಸಿದ ಮೊಗ್ಗಿಗೆ ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಸಡಿಲವಾಗಿ ಕಟ್ಟಬೇಕು. ಸೇವಂತಿಗೆಗೆ ಇದರ ತದ್ವಿರುದ್ಧ: ಪೂರ್ತಿ ಅರಳಿದ ಹೂ, ಇಬ್ಬನಿ ಆರಿದ ಮೇಲೆ ಬಿಡಿಸಬೇಕು, ಒದ್ದೆ ತಾಗಬಾರದು. ನೀರಿನ ಪಸೆ ಇಲ್ಲದ ಸೇವಂತಿಗೆ ಎರಡು ಮೂರು ದಿನ ತಾಳುತ್ತದೆ; ಇವತ್ತಿನ ದರ ಬಿದ್ದರೆ ನಾಳೆ ಕೆ.ಆರ್. ಮಾರುಕಟ್ಟೆಗೆ ಕಳಿಸೋಣ ಎನ್ನಬಹುದು. ಸುಗಂಧರಾಜದಲ್ಲಿ ಆ ಮಾತಿಲ್ಲ, ಅಂದಂದೇ ಮಾರಲೇಬೇಕು.

ಇದರಿಂದ ಹುಟ್ಟುವ ಇನ್ನೊಂದು ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ದಿನಕ್ಕೆ ಎಂಟು ಹತ್ತು ಕೆಜಿ ಹೂವಿಗಾಗಿ ಇಪ್ಪತ್ತೈದು ಕಿಲೋಮೀಟರ್ ಬೈಕ್ ಓಡಿಸಿದರೆ ಪೆಟ್ರೋಲು, ಅರ್ಧ ದಿನ ಎರಡೂ ಹೋಯಿತು. ನಿಮ್ಮೂರಿನಿಂದ ಬೆಳಗ್ಗೆ ಹೂವಿನ ಟೆಂಪೊ ಹೊರಡುತ್ತದೆಯೇ, ಮೊದಲ ಬಸ್ಸಿಗೆ ಚೀಲ ಹಾಕಿ ಕಳಿಸಿದರೆ ಮಂಡಿಯವರು ಇಳಿಸಿಕೊಳ್ಳುತ್ತಾರೆಯೇ, ಅಕ್ಕಪಕ್ಕ ಇನ್ನು ಮೂರು ನಾಲ್ಕು ಮನೆಯವರು ಇದೇ ಹೂ ಇಟ್ಟಿದ್ದಾರೆಯೇ? ಮೂರಕ್ಕೂ ಇಲ್ಲ ಎಂದಾದರೆ ಸುಗಂಧರಾಜ ಇಡಬೇಡಿ, ದರ ಎಷ್ಟೇ ಇರಲಿ.

ಸೇವಂತಿಗೆಯ ಕೊಯ್ಲಿನಲ್ಲಿ ಕಷ್ಟ ಬೇರೆ. ಆಯುಧಪೂಜೆಯ ಹಿಂದಿನ ಮೂರು ದಿನ ಊರಿನ ಎಲ್ಲರ ಹೊಲದಲ್ಲೂ ಹೂ, ಆಳು ಮಾತ್ರ ಅಷ್ಟೇ. ಒಬ್ಬರು ದಿನಕ್ಕೆ 35-40 ಕೆಜಿ ಬಿಡಿಸಿದರೆ 280 ಕೆಜಿಗೆ ಏಳೆಂಟು ಜನ. ಅವರನ್ನು ತಿಂಗಳ ಮುಂಚೆಯೇ ಮಾತಾಡಿಟ್ಟುಕೊಳ್ಳಿ. ದರ ಬಿದ್ದಾಗ ಬಿಡಿಸಬೇಕೋ ಬಿಡಬೇಕೋ ಎನ್ನುವುದಕ್ಕೂ ಲೆಕ್ಕ ಇಟ್ಟುಕೊಳ್ಳಿ: ಕೂಲಿ 400 ರೂಪಾಯಿ, ಒಬ್ಬರಿಗೆ 40 ಕೆಜಿ ಎಂದಾದರೆ ಬಿಡಿಸುವುದಕ್ಕೇ ಕೆಜಿಗೆ 10 ರೂಪಾಯಿ, ಅದರ ಮೇಲೆ ಬಾಡಿಗೆ, ಕಮಿಷನ್. ಕೈಗೆ ಬರುವುದು ಅದಕ್ಕಿಂತ ಕಡಿಮೆ ಇದ್ದ ದಿನವೂ, ಮಾರುವುದಕ್ಕಲ್ಲದಿದ್ದರೂ, ಹಳೇ ಹೂ ತೆಗೆಸಿ. ಗಿಡದಲ್ಲೇ ಕೊಳೆಯಬಿಟ್ಟರೆ ಹಿಂದಿನಿಂದ ಬರುವ ಮೊಗ್ಗಿಗೆ ರೋಗ ಹತ್ತುತ್ತದೆ.

ಮಳೆ, ರೋಗ, ಹುಳು

ಅಕ್ಟೋಬರ್, ನವೆಂಬರಿನ ಹಿಂಗಾರು ಸೇವಂತಿಗೆಯ ಮೇಲೆ ಬಿದ್ದರೆ ಪೆಟ್ಟು ದೊಡ್ಡದು. ಅರಳಿದ ಹೂ ನೀರು ಹಿಡಿದು ಬಾಗುತ್ತದೆ, ಎರಡು ದಿನಕ್ಕೆ ಕಂದಾಗುತ್ತದೆ, ವರ್ಷದ ದುಡಿಮೆಯ ಕಾಲುಭಾಗ ಹೋಗಬಹುದು. ಸುಗಂಧರಾಜದಲ್ಲಿ ಮಳೆಗೆ ಹೋಗುವುದು ಆ ದಿನದ ಹೂ ಮಾತ್ರ.

ಸೇವಂತಿಗೆಯ ಕೆಳಗಿನ ಎಲೆಯಲ್ಲಿ ಕಪ್ಪು ಕಂದು ಚುಕ್ಕೆ ಶುರುವಾಗಿ ಮೇಲಕ್ಕೆ ಹತ್ತುವುದು ಎಲೆಚುಕ್ಕೆ. ಮಣ್ಣಿನಿಂದ ಸಿಡಿದ ನೀರಹನಿಯೇ ಅದಕ್ಕೆ ಏಣಿ. ಸ್ಪ್ರಿಂಕ್ಲರ್ ಬೇಡ, ಡ್ರಿಪ್ ಮಾತ್ರ. ಬುಡದ ಎಲೆ ಸವರಿ ತೆಗೆದು, ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕವನ್ನು ಲೀಟರಿಗೆ 2 ಗ್ರಾಂ ಕಲಸಿ ಹೊಡೆಯಿರಿ. ಮಧ್ಯಾಹ್ನ ಒಂದು ಪಕ್ಕ ಬಾಡಿ, ಸಂಜೆ ಏಳದೆ ಇರುವ ಗಿಡವನ್ನು ಸೀಳಿ ನೋಡಿ. ಕಾಂಡದ ಒಳಗೆ ಕಂದು ಗೆರೆ ಇದ್ದರೆ ಸೊರಗು ರೋಗ. ಅದಕ್ಕೆ ಔಷಧಿ ಸುರಿಯುತ್ತ ಕೂರಬೇಡಿ. ಬೇರು ಸಮೇತ ಕಿತ್ತು ಹೊಲದಾಚೆ ಸುಟ್ಟು, ಆ ನೆಲಕ್ಕೆ ಮೂರು ವರ್ಷ ಸೇವಂತಿಗೆ ತರಬೇಡಿ. ಪಕ್ಕದಲ್ಲಿ ಟೊಮೆಟೊ ಇದ್ದರೆ ಎಲೆಯ ಮೇಲೆ ಬಿಳಿ ಗೆರೆ ಎಳೆಯುವ ರಂಗೋಲಿ ಹುಳು, ನಂಜು ಹೊತ್ತು ತರುವ ಥ್ರಿಪ್ಸ್ ನುಸಿ ಎರಡೂ ಅಲ್ಲಿಂದ ಇಲ್ಲಿಗೆ ಬರುತ್ತವೆ. ಟೊಮೆಟೊ ಕಿತ್ತು ರಾಶಿ ಹಾಕಿದ ವಾರ ಹೆಚ್ಚು ಜಾಗ್ರತೆ.

ಟೊಮೆಟೊ ಕಾಯಿ ಕೊರೆಯುವ ಹುಳುವೇ ಸುಗಂಧರಾಜದ ಮೊಗ್ಗಿಗೂ ತೂತು ಹಾಕುತ್ತದೆ. ಅರ್ಧ ಎಕರೆಗೆ ಪತಂಗವನ್ನು ವಾಸನೆಯಿಂದ ಸೆಳೆಯುವ ಎರಡು ಮೂರು ಮೋಹಕ ಬಲೆ ಕಟ್ಟಿ, ಪತಂಗ ಬಿದ್ದದ್ದು ಕಂಡಾಗಲೇ ಬೇವಿನೆಣ್ಣೆ ಹೊಡೆಯಿರಿ. ದಿನವೂ ಕೊಯ್ಯುವ, ಕೊರಳಿಗೆ ಹಾಕುವ ಹೂವಿಗೆ ಬಿರುಸಿನ ವಿಷ ಹೊಡೆಯುವುದು ಸರಿಯಲ್ಲ. ಬುಡದಲ್ಲಿ ಬಿಳಿ ನೂಲಿನಂಥ ಬೂಷ್ಟು, ಅದರಲ್ಲಿ ಸಾಸಿವೆ ಗಾತ್ರದ ಕಂದು ಕಾಳು ಕಂಡರೆ ಬುಡಕೊಳೆ. ಅಂಥ ಬುಡವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದುಹಾಕಿ, ಆ ಜಾಗಕ್ಕೆ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೊಡರ್ಮಾ, ಅಂದರೆ ರೋಗದ ಬೂಷ್ಟನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ, ಹಾಕಿ.

ನೀರಿನಲ್ಲಿ ಎರಡಕ್ಕೂ ನಿಲ್ಲುವ ನೀರು ಆಗದು. ಬೋರಿನ ನೀರು ಗಡಸಾಗಿದ್ದರೆ ಸೇವಂತಿಗೆಯ ಎಳೆ ಎಲೆ ನರ ಬಿಟ್ಟು ಹಳದಿಯಾಗುವುದು ಬೇಗ ಕಾಣುತ್ತದೆ; ಸುಗಂಧರಾಜ ಅಷ್ಟಾಗಿ ನರಳುವುದಿಲ್ಲ. ಆದರೆ ಸುಗಂಧರಾಜಕ್ಕೆ ಮಾರ್ಚ್‌ನಿಂದ ಮೇವರೆಗೂ ನೀರು ಬೇಕು. ಆ ಮೂರು ತಿಂಗಳು ಬೋರು ಕೈಕೊಡುವ ಹೊಲವಾದರೆ, ಜೂನ್‌ನಲ್ಲಿ ಇಟ್ಟು ಡಿಸೆಂಬರಿಗೆ ಮುಗಿಸುವ ಸೇವಂತಿಗೆಯೇ ಸರಿ.

ಯಾರಿಗೆ ಯಾವುದು

ಗಂಡ ಹೆಂಡತಿ ಇಬ್ಬರೂ ಹೊಲದಲ್ಲೇ ಇರುವ ಮನೆ, ಹಸು ಕಟ್ಟಿಕೊಂಡು ಹೇಗೂ ನಾಲ್ಕೂವರೆಗೆ ಏಳುವವರು, ಊರಿಂದ ಹೂವಿನ ಗಾಡಿ ಹೋಗುತ್ತದೆ, ಬೇಸಿಗೆಯಲ್ಲೂ ನೀರಿದೆ: ಸುಗಂಧರಾಜ, ಶೃಂಗಾರ್ ತಳಿ. ಹಾಲಿನ ದುಡ್ಡಿನ ಹಾಗೆ ವಾರವಾರ ಕೈಗೆ ಬರುತ್ತದೆ. ಆಷಾಢ, ಪಿತೃಪಕ್ಷ, ಧನುರ್ಮಾಸ, ಅಧಿಕಮಾಸಗಳಲ್ಲಿ ಮದುವೆಯಿಲ್ಲದೆ ದರ ಇಳಿಯುತ್ತದೆ, ಮಾಘದಿಂದ ವೈಶಾಖದವರೆಗೆ ಏರುತ್ತದೆ. ವರ್ಷದ ಸರಾಸರಿ ನೋಡಿ ತೀರ್ಮಾನಿಸಬೇಕು.

ಮನೆಯವರು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರು, ಆಳಿನ ಮೇಲೇ ಬೇಸಾಯ, ಕೈಯಲ್ಲಿ ನಾರಿಗೂ ಕೂಲಿಗೂ ಹಾಕುವ ದುಡ್ಡಿದೆ, ಒಂದು ವರ್ಷ ದರ ಬಿದ್ದರೂ ತಡೆದುಕೊಳ್ಳಬಲ್ಲರು: ಸೇವಂತಿಗೆ. ಸಾಲ ಮಾಡಿ ಮೊದಲ ಸಲವೇ ಇಪ್ಪತ್ತು ಗುಂಟೆ ಸೇವಂತಿಗೆ, ಅದೂ ಒಂದೇ ಹಬ್ಬಕ್ಕೆ ಗುರಿಯಿಟ್ಟು ಹಾಕುವುದನ್ನು ನಾವು ಬೇಡವೆನ್ನುತ್ತೇವೆ. ಹತ್ತು ಗುಂಟೆ ಆಯುಧಪೂಜೆಗೆ, ಇಪ್ಪತ್ತು ದಿನ ಬಿಟ್ಟು ಇನ್ನು ಹತ್ತು ಗುಂಟೆ ದೀಪಾವಳಿ, ಕಾರ್ತಿಕಕ್ಕೆ ಎಂದು ಒಡೆದರೆ ಆಳೂ ಸಿಗುತ್ತದೆ, ಬಿದ್ದ ದರಕ್ಕೆ ಎಲ್ಲವೂ ಸಿಕ್ಕಿಕೊಳ್ಳುವುದೂ ತಪ್ಪುತ್ತದೆ.

ಎರಡೂ ಬೇಕೆನ್ನುವವರು ಎಂಟು ಗುಂಟೆ ಸುಗಂಧರಾಜ, ಹನ್ನೆರಡು ಗುಂಟೆ ಸೇವಂತಿಗೆ ಮಾಡಿಕೊಳ್ಳಬಹುದು. ಎಂಟು ಗುಂಟೆಯ ಕೊಯ್ಲು ಇಬ್ಬರಿಗೆ ಬೆಳಗಿನ ಒಂದೂವರೆ ಎರಡು ಗಂಟೆಯ ಕೆಲಸ. ಡ್ರಿಪ್ ವಾಲ್ವ್ ಬೇರೆ ಬೇರೆ ಇಡಿ, ಯಾಕೆಂದರೆ ಸೇವಂತಿಗೆಗೆ ಗೊಬ್ಬರ ನಿಲ್ಲಿಸುವ ಹೊತ್ತಿನಲ್ಲಿ ಸುಗಂಧರಾಜಕ್ಕೆ ಅದು ಬೇಕಿರುತ್ತದೆ. ನಾಟಿಗೆ ಎರಡು ತಿಂಗಳ ಮುಂಚೆ ಎಂಟು ಹತ್ತು ಕಡೆಯಿಂದ ಮುಕ್ಕಾಲಡಿ ಆಳದವರೆಗಿನ ಮಣ್ಣು ತೆಗೆದು ಕಲಸಿ, ಅದರಲ್ಲಿ ಅರ್ಧ ಕೆಜಿ, ಜೊತೆಗೆ ಒಂದು ಬಾಟಲಿ ಬೋರಿನ ನೀರು ತೆಗೆದುಕೊಂಡು ಚಿಂತಾಮಣಿ ತಾಲ್ಲೂಕಿನ ಕುರುಬೂರಿನ ಅಥವಾ ಕೋಲಾರ ಪಕ್ಕದ ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಹಳೆಯ ಬೆಳೆಯ ಬೇರು ನಾಲ್ಕನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಗಂಟು ಇದೆಯೋ ಇಲ್ಲವೋ ಎಂಬುದನ್ನು ಅಲ್ಲಿಯೇ ನೋಡಿ ಹೇಳಬಲ್ಲರು.